ಎರೆಹೊಲದ ಗೂಬೆಗಳು: ಗದಗ ಸೀಮೆಯ ಬೇಸಾಯವನ್ನು ಕುರಿತು ಒಂದು ವಿವೇಚನೆ

ಒಬ್ಬನು ಮಾಡಿದ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿದಾಗ ಅವನ ಮೇಲೆ ಗೂಬೆ ಕೂರಿಸಿದರು ಎಂದು ಹೇಳುವುದು ಕನ್ನಡದ ರೂಢಿ. ವಿಚಾರ ಮಾಡಿ ನೋಡಿದರೆ ಈ ನುಡಿಗಟ್ಟು ಗೂಬೆಗೇ ಎಲ್ಲಕ್ಕಿಂತ ಹೆಚ್ಚಾಗಿ ಒಪ್ಪುತ್ತದೆ. ಬಿತ್ತಿದ ಬೀಜವನ್ನು ಕೆದಕಿ ತಿನ್ನುವುದು ಇಲಿ. ತೆನೆಯನ್ನು ಕತ್ತರಿಸಿ ಬಿಲಕ್ಕೆ ಸಾಗಿಸುವುದು ಹೆಗ್ಗಣ. ಆ ಇಲಿಯನ್ನೂ ಹೆಗ್ಗಣವನ್ನೂ ಹಿಡಿಯಲು ಇರುಳೆಲ್ಲ ಹೊಲದಲ್ಲಿ ಕಾದು ಕುಳಿತ ಹಕ್ಕಿಗೆ ಅಪಶಕುನವೆಂಬ ಅಪಕೀರ್ತಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಣ ಒಣಬೇಸಾಯದ ನೆಲದಲ್ಲಿ ಈ ಹಕ್ಕಿಗೆ ಇರುವ ಸ್ಥಾನವೇನು, ಅದು ಉಳಿಯಬೇಕಾದರೆ ಬೇಸಾಯದ ಕ್ರಮದಲ್ಲಿ ಏನನ್ನು ಉಳಿಸಿಕೊಳ್ಳಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ನೆಲ ಮತ್ತು ಇಲಿ

ಈ ಸೀಮೆಯ ನೆಲವನ್ನು ರೈತರು ಎರೆ, ಮಸಾರಿ ಎಂದು ಎರಡಾಗಿ ವಿಂಗಡಿಸುತ್ತಾರೆ. ಎರೆಯೆಂದರೆ ಹತ್ತಿ, ಕಡಲೆ, ಬಿಳಿಜೋಳ, ಕುಸುಬೆಗಳನ್ನು ಬೆಳೆವ ಕಪ್ಪುನೆಲ. ಮಸಾರಿಯೆಂದರೆ ಶೇಂಗಾ, ಹೆಸರು, ಮೆಕ್ಕೆಜೋಳಗಳಿಗೆ ಒಗ್ಗಿದ ಕೆಂಪುನೆಲ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ. ಅದೂ ಕಾಲಕ್ಕೆ ಸರಿಯಾಗಿ ಬರುವ ಭರವಸೆಯಿಲ್ಲ. ಬೇಸಿಗೆಯಲ್ಲಿ ಎರೆನೆಲ ಒಣಗಿ ಆಳವಾಗಿ ಬಿರಿಯುತ್ತದೆ. ಈ ಬಿರುಕುಗಳೇ ಹೊಲದ ಇಲಿಗೆ ಮನೆ.

ಈ ವಿಷಯವನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವರಲ್ಲಿ ವಾಲ್ಟರ್ ಎಲಿಯಟ್ ಪ್ರಮುಖನು. ೧೮೨೪ರ ಕಿತ್ತೂರಿನ ಸಂಗ್ರಾಮದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬನೆಂದು ಈತನ ಹೆಸರು ಕನ್ನಡಿಗರಿಗೆ ಪರಿಚಿತವಾಗಿದೆ. ಶಾಸನಗಳನ್ನು ಸಂಗ್ರಹಿಸಿದಂತೆಯೇ ಆತನು ಪ್ರಾಣಿಗಳನ್ನೂ ಸಂಗ್ರಹಿಸಿ, ಅಂದಿನ ಧಾರವಾಡ ಪ್ರಾಂತದ ಸಸ್ತನಿಗಳ ಪಟ್ಟಿಯೊಂದನ್ನು ೧೮೩೯ರಲ್ಲಿ ಪ್ರಕಟಿಸಿದನು. ಇಂದು ಪ್ರಾಣಿಶಾಸ್ತ್ರದಲ್ಲಿ ಮಿಲ್ಲಾರ್ಡಿಯಾ ಮೆಲ್ಟಾಡಾ ಎಂದು ಕರೆಯಲ್ಪಡುವ ಮೆದುಗೂದಲಿನ ಹೊಲದಿಲಿಯ ಹೆಸರಿನ ಮೂಲ ಈ ಪ್ರಾಂತದ ವಡ್ಡರು ಅದಕ್ಕೆ ಇಟ್ಟಿದ್ದ ಹೆಸರೇ. ಈ ಇಲಿ ದೊಡ್ಡ ಬಿಲವನ್ನು ತೋಡುವುದಿಲ್ಲ. ಗಿಡದ ಬುಡದಲ್ಲಿಯೋ ಹೊಲದಲ್ಲಿ ಆಯ್ದು ಹಾಕಿದ ಕಲ್ಲಿನ ರಾಶಿಯಲ್ಲಿಯೋ ಎರೆಯ ಬಿರುಕಿನಲ್ಲಿಯೋ ಇದ್ದುಬಿಡುತ್ತದೆ. ಮುಂಗಾರಿನ ಮೊದಲ ಮಳೆಗೆ ಬಿರುಕುಗಳು ಕುಸಿದು ಮುಚ್ಚಿಕೊಳ್ಳುವಾಗ ಪ್ರತಿವರ್ಷವೂ ಅಸಂಖ್ಯ ಇಲಿಗಳು ಸಾಯುತ್ತವೆಂದು ಎಲಿಯಟ್ ಬರೆದಿದ್ದಾನೆ.

ಹಾಗಾದರೆ ಮೊದಲ ಮಳೆ ಬಾರದ ವರ್ಷ ಏನಾಗುತ್ತದೆ? ೧೮೨೬ರಲ್ಲಿ ಅದೇ ಆಯಿತು. ಮುಂಗಾರಿನ ಆರಂಭದ ಮಳೆ ಕೊರತೆಯಾದುದರಿಂದ ಇಲಿಗಳು ಉಳಿದು ಬೆಳೆದು ಪಿಡುಗಾದವು. ಬಿತ್ತಿದ ಬೀಜ ಬಿತ್ತಿದಂತೆಯೇ ಅವುಗಳ ಪಾಲಾಯಿತು; ಅಳಿದುಳಿದ ಜೋಳ ತೆನೆಗಟ್ಟಿದಾಗ ದಂಟನ್ನೇರಿ ತೆನೆಯನ್ನು ಕತ್ತರಿಸಿ ಕೆಡವಿ ತಿಂದವು. ಎಷ್ಟೋ ಹೊಲಗಳು ಸಂಪೂರ್ಣವಾಗಿ ಹಾಳಾಗಿ ರೈತರು ಕಂದಾಯ ಕೊಡಲಾರದೆ ಹೋದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳೆಂದು ಅಳೆದುಕೊಟ್ಟು ವಡ್ಡರಿಂದ ಸಾವಿರಗಟ್ಟಲೆ ಇಲಿಗಳನ್ನು ಕೊಲ್ಲಿಸಿದರೂ ಅವುಗಳ ಸಂಖ್ಯೆ ಕಡಮೆಯಾದಂತೆ ತೋರಲಿಲ್ಲವೆಂದು ಎಲಿಯಟ್ ಹೇಳುತ್ತಾನೆ. ೧೮೭೬–೭೮ರ ಮಹಾಕ್ಷಾಮದ ಬೆನ್ನಿಗೇ ದಖ್ಖಣದ ಬಯಲಿನಲ್ಲಿ ಇಂಥದೇ ಪಿಡುಗು ಮರುಕಳಿಸಿತು. ಬರವನ್ನು ದಾಟಿ ಬದುಕಿದ ರೈತನ ಮೇಲೆ ಇಲಿ ಬಂದು ಬಿದ್ದಿತು.

ಇಂದು ಮೆದುಗೂದಲಿನ ಇಲಿಯ ಜೊತೆಗೆ ಬಿಲದಿಲಿ, ಸಣ್ಣ ಹೊಲದಿಲಿ, ಹೆಗ್ಗಣಗಳೂ ಇವೆ. ಹೆಗ್ಗಣದ ಗರ್ಭಾವಧಿ ಮೂರು ವಾರಗಳಿಗೆ ತುಸು ಹೆಚ್ಚು. ಒಂದು ಸೂಲಿಗೆ ಆರೆಂಟು ಮರಿಗಳು ಸಾಮಾನ್ಯ. ಅದು ಕಾಳನ್ನು ತಿನ್ನುವುದು ಮಾತ್ರವಲ್ಲದೆ ಬಿಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ತುಂಗಭದ್ರೆಯ ನೀರು ಸಿಂಗಟಾಲೂರು ಏತ ನೀರಾವರಿಯಿಂದ ಮುಂಡರಗಿಯ ಹೊಲಗಳಿಗೆ ಹರಿದ ಮೇಲೆ, ತೇವವಿರುವ ಬದುವನ್ನು ಮೆಚ್ಚುವ ಹೆಗ್ಗಣಕ್ಕೆ ಅನುಕೂಲವೇ ಒದಗಿದೆಯೆನ್ನಬಹುದು.

೨. ಮೂರು ಗೂಬೆಗಳು

ಈ ಬಯಲಿನ ಹೊಲಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಗೂಬೆಗಳನ್ನು ಕಾಣಬಹುದು. ಮೂರಕ್ಕೂ ಆಹಾರ ಹೊಲದಲ್ಲಿಯೇ. ಆದರೆ ಮನೆ ಬೇರೆ ಬೇರೆ.

ಮೊದಲನೆಯದು ಹಾಲಕ್ಕಿ, ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ, ಒಂದು ಗೇಣುದ್ದದ ಪುಟ್ಟ ಗೂಬೆ. ಬುಡುಬುಡಿಕೆಯವರು ನಸುಕಿನಲ್ಲಿ ಮನೆಯ ಮುಂದೆ ನಿಂತು ಶಕುನ ನುಡಿಯುವುದು ಈ ಹಕ್ಕಿಯ ಹೆಸರಿನಲ್ಲಿಯೇ. ಜೀರುಂಡೆ, ಮಿಡತೆ, ಮಿಡಿಹುಳುಗಳು ಇದರ ಮುಖ್ಯ ಆಹಾರ. ಅವುಗಳೊಡನೆ ಸಣ್ಣ ಇಲಿ, ಹಲ್ಲಿಗಳು. ಹಳೆಯ ಬೇವು, ಆಲ, ಹುಣಸೆ, ಜಾಲಿಗಳ ಪೊಟರೆಯಲ್ಲಿ, ಇಲ್ಲವೆ ಹಾಳುಗೋಡೆಯ ಸಂದಿನಲ್ಲಿ ಇದು ಗೂಡುಮಾಡುತ್ತದೆ.

ಎರಡನೆಯದು ಕಣಜಗೂಬೆ. ಹೃದಯಾಕಾರದ ಬಿಳಿಯ ಮುಖ, ಹೊಂಬಣ್ಣದ ಬೆನ್ನು, ಸದ್ದಿಲ್ಲದ ಹಾರಾಟ. ಇದರ ರೆಕ್ಕೆಯ ಗರಿಗಳ ಅಂಚು ನಯವಾದ ಜಾಲರಿಯಂತಿರುವುದರಿಂದ ಗಾಳಿ ಸೀಳುವ ಸದ್ದು ಅಡಗುತ್ತದೆ. ಎರಡು ಕಿವಿಗಳು ಒಂದೇ ಮಟ್ಟದಲ್ಲಿರದೆ ಒಂದು ಮೇಲೆ, ಒಂದು ಕೆಳಗೆ ಇರುವುದರಿಂದ ಸದ್ದು ಬಂದ ದಿಕ್ಕನ್ನೂ ಎತ್ತರವನ್ನೂ ಇದು ನಿಖರವಾಗಿ ಗುರುತಿಸಬಲ್ಲದು. ಕಣ್ಣಿಗೆ ಏನೂ ಕಾಣದ ಪೂರ್ಣಾಂಧಕಾರದಲ್ಲಿಯೂ ಕೇವಲ ಸದ್ದಿನ ಆಧಾರದಿಂದ ಇದು ಇಲಿಯನ್ನು ಹಿಡಿಯುವುದೆಂಬುದನ್ನು ಅಮೆರಿಕದ ರೋಜರ್ ಪೇನ್ ಪ್ರಯೋಗದಿಂದ ಸಿದ್ಧಪಡಿಸಿ ೧೯೭೧ರಲ್ಲಿ ಪ್ರಕಟಿಸಿದನು. ಗುಡಿ ಗೋಪುರಗಳ ಸಂದು, ಪಾಳುವಾಡೆ, ಹಳೆಯ ಬಾವಿಯ ಗೋಡೆ, ದೊಡ್ಡ ಪೊಟರೆ ಇದರ ನೆಲೆ. ಇದರ ಊಟದಲ್ಲಿ ಬಹುಪಾಲು ಇಲಿಯೇ.

ಮೂರನೆಯದು ಕೊಂಬಿನ ಗೂಬೆ; ತಲೆಯ ಮೇಲೆ ಕೊಂಬಿನಂತೆ ನಿಮಿರಿದ ಗರಿಗಳುಳ್ಳ, ಎರಡು ಗೇಣಿಗೂ ಮೀರಿದ ದೊಡ್ಡ ಹಕ್ಕಿ. ಮಕ್ಕಳನ್ನು ಹೆದರಿಸುವ ಗುಮ್ಮನ ಹೆಸರು ಗೂಬೆಗೂ ಸಲ್ಲುವುದನ್ನು ಇದರ ಗಂಭೀರವಾದ ಎರಡು ಸ್ವರದ ಕೂಗನ್ನು ಕೇಳಿದವರು ಸುಲಭವಾಗಿ ಒಪ್ಪುವರು. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಹಳ್ಳದ ದಂಡೆ, ಬಂಡೆಯ ಅಂಚು, ಗುಡ್ಡದ ಇಳಿಜಾರುಗಳ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಅಂಚು, ಹಳ್ಳಕೊಳ್ಳಗಳು ಇದಕ್ಕೆ ಒಪ್ಪುವಂಥವು. ಗೂಡು ಗುಡ್ಡದಲ್ಲಿದ್ದರೂ ಬೇಟೆ ಹೊಲದಲ್ಲಿ: ಮಹಾರಾಷ್ಟ್ರದ ಸತೀಶ ಪಾಂಡೆಯವರೂ ಅವರ ಸಹೋದ್ಯೋಗಿಗಳೂ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನಗಳು, ಈ ಗೂಬೆಯ ಆಹಾರದಲ್ಲಿ ಬೆಳೆಗೆ ಹಾನಿಮಾಡುವ ಇಲಿ ಹೆಗ್ಗಣಗಳಿಗೇ ಪ್ರಧಾನ ಪಾಲೆಂದು ತೋರಿಸಿವೆ. ಕಪ್ಪತಗುಡ್ಡದ ೨೪೪ ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು. ಆದರೆ ವನ್ಯಜೀವಿಧಾಮದ ಗಡಿಯೊಳಗೆ ಮಲಗುವ ಈ ಹಕ್ಕಿ ಉಣ್ಣುವುದು ಗಡಿಯಾಚೆ, ರೈತನ ಹೊಲದಲ್ಲಿ ಎಂಬುದನ್ನು ಮರೆಯಬಾರದು.

ಗೂಬೆ ಏನನ್ನು ತಿನ್ನುತ್ತದೆಂಬುದನ್ನು ತಿಳಿಯಲು ಅದನ್ನು ಕೊಲ್ಲಬೇಕಾಗಿಲ್ಲ. ಇಲಿಯನ್ನು ಹಿಡಿದಿಡಿಯಾಗಿಯೋ ದೊಡ್ಡ ತುಂಡುಗಳಾಗಿಯೋ ನುಂಗುವ ಈ ಹಕ್ಕಿ, ಅರಗದ ಎಲುಬು ಕೂದಲುಗಳನ್ನು ಉಂಡೆಗಟ್ಟಿ ಬಾಯಿಂದ ಹೊರಹಾಕುತ್ತದೆ. ಗೂಬೆ ಕೂಡುವ ಮರದ ಬುಡದಲ್ಲಿ ಇಂಥ ಉಂಡೆಗಳು ಬಿದ್ದಿರುತ್ತವೆ. ಅವನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ತಲೆಬುರುಡೆ, ದವಡೆ, ಹಲ್ಲುಗಳು ದೊರೆತು, ಯಾವ ಜಾತಿಯ ಎಷ್ಟು ಪ್ರಾಣಿಗಳನ್ನು ತಿಂದಿತೆಂಬುದನ್ನು ಎಣಿಸಿಯೇ ಹೇಳಬಹುದು. ಹಳ್ಳಿಯ ಪ್ರೌಢಶಾಲೆಯಲ್ಲಿಯೂ ಮಾಡಬಹುದಾದ ಈ ಪರೀಕ್ಷೆಗೆ ಬೇಕಾದುದು ಒಂದು ಬಟ್ಟಲು ನೀರು, ಒಂದು ಚಿಮಟ, ತುಸು ತಾಳ್ಮೆ.

೩. ಆಲಿವ್ ತೋಪಿನಿಂದ ಬೇವಿನ ಬದುವಿಗೆ

ಹೊಲದ ಗೂಬೆಯನ್ನು ಬೇಸಾಯದ ಕ್ರಮದಿಂದಲೇ ಉಳಿಸುವ ವಿಚಾರ ಇಂದು ಮೆಡಿಟರೇನಿಯನ್ ಸಮುದ್ರದ ಸುತ್ತಣ ದೇಶಗಳಲ್ಲಿ ಆಲಿವ್ ತೋಪುಗಳ ಸಂಬಂಧದಲ್ಲಿ ನಡೆದಿದೆ. ಅಲ್ಲಿ ಆಲಿವ್ ಮರಕ್ಕೂ ಗೂಬೆಗೂ ಬಲು ಹಳೆಯ ನಂಟು. ಗ್ರೀಕರ ಅಥೀನಾ ದೇವಿಯ ಪ್ರಸಾದವೆಂದು ಹೇಳಲಾಗುವ ಮರ ಆಲಿವ್; ಆಕೆಯ ಹಕ್ಕಿ ಗೂಬೆ; ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನ ಬೆಳ್ಳಿಯ ನಾಣ್ಯದ ಮೇಲೆ ಎರಡೂ ಜೊತೆಯಾಗಿವೆ. ಆ ಪುಟ್ಟ ಗೂಬೆ ಮುದಿ ಆಲಿವ್ ಮರಗಳ ಪೊಟರೆಗಳಲ್ಲಿ ಗೂಡುಮಾಡುತ್ತದೆ. ಹೊಸ ಪದ್ಧತಿಯಲ್ಲಿ ಹಳೆಯ ಮರಗಳನ್ನು ಕಿತ್ತು, ಎಳೆಯ ಗಿಡಗಳನ್ನು ಬೇಲಿಯಂತೆ ಒತ್ತಾಗಿ ನೆಟ್ಟು, ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲದಂತೆ ಮದ್ದು ಹೊಡೆದಾಗ ಗೂಬೆಗೆ ಮನೆಯೂ ಹೋಯಿತು, ಊಟವೂ ಹೋಯಿತು. ಇದನ್ನು ಕಂಡು ಸ್ಪೇನಿನ ಪಕ್ಷಿಸಂರಕ್ಷಣಾ ಸಂಸ್ಥೆಯೊಂದು ‘ಜೀವಂತ ಆಲಿವ್ ತೋಪುಗಳು’ ಎಂಬ ಅರ್ಥದ ಹೆಸರಿನ ಯೋಜನೆಯನ್ನು ೨೦೧೫ರಲ್ಲಿ ಆರಂಭಿಸಿತು. ಸಾಲುಗಳ ನಡುವೆ ಹುಲ್ಲನ್ನು ಉಳಿಸುವುದು, ಅಂಚಿನಲ್ಲಿ ಪೊದೆಗಳನ್ನು ಬೆಳೆಸುವುದು, ಹಕ್ಕಿಗಳಿಗೆ ಗೂಡುಪೆಟ್ಟಿಗೆಗಳನ್ನಿಡುವುದು ಅದರ ಮುಖ್ಯ ಕ್ರಮಗಳು.

ನಮ್ಮ ಸೀಮೆಯಲ್ಲಿ ಆಲಿವ್ ತೋಪುಗಳಿಲ್ಲ. ಆದರೆ ಅಥೀನಾಳ ಗೂಬೆಯೂ ನಮ್ಮ ಹಾಲಕ್ಕಿಯೂ ಒಂದೇ ಕುಲದ, ಅಥೀನೆ ಎಂಬ ಪಂಗಡದ ಹಕ್ಕಿಗಳು. ಅಲ್ಲಿ ಮುದಿ ಆಲಿವ್ ಮಾಡುವ ಕೆಲಸವನ್ನು ಇಲ್ಲಿ ಬದುವಿನ ಮೇಲಣ ಮುದಿ ಬೇವು ಮಾಡುತ್ತದೆ. ಪೊಟರೆ ಒಂದೆರಡು ವರ್ಷಗಳಲ್ಲಿ ಆಗುವಂಥದಲ್ಲ. ಕೊಂಬೆ ಮುರಿದು, ಗಾಯ ಕೊಳೆತು, ಮರಕುಟಿಗ ಕೊರೆದು ಗೂಬೆ ಹಿಡಿಸುವಷ್ಟು ಪೊಟರೆಯಾಗಲು ದಶಕಗಳು ಬೇಕು. ಆದುದರಿಂದ ಕಡಿದ ಮುದಿಮರಕ್ಕೆ ಬದಲಾಗಿ ಹತ್ತು ಸಸಿಗಳನ್ನು ನೆಟ್ಟರೂ ಗೂಬೆಯ ದೃಷ್ಟಿಯಿಂದ ಒಂದು ತಲೆಮಾರಿನ ಕಾಲ ಆ ಸ್ಥಳ ಬರಿದೇ ಸರಿ.

೪. ಹಾನಿಯ ಕಾರಣಗಳು

ಹೊಲದಲ್ಲಿ ಇಲಿಗೆ ಕೊರತೆಯಿಲ್ಲ. ಆದುದರಿಂದ ಗೂಬೆಗೆ ಆಹಾರದ ಕೊರತೆಯೂ ಇಲ್ಲ. ಅದರ ಕಷ್ಟಗಳು ಬೇರೆ ಮೂರು.

ಮೊದಲನೆಯದು ನೆಲೆಯ ನಾಶ. ಯಂತ್ರದ ನೇಗಿಲು ತಿರುಗಲೆಂದು ಬದುವಿನ ಮರಗಳನ್ನು ತೆಗೆಯುವುದು, ಹೊಲಗಳನ್ನು ಒಂದುಗೂಡಿಸಿ ಬದುವನ್ನೇ ಅಳಿಸುವುದು, ಹಳ್ಳದ ದಂಡೆಯನ್ನು ಅಗೆದು ಮಣ್ಣು ಸಾಗಿಸುವುದು, ಬತ್ತಿದ ಬಾವಿಯನ್ನು ಮುಚ್ಚುವುದು, ಹಳೆಯ ಕಟ್ಟಡವನ್ನು ದುರಸ್ತಿಮಾಡುವಾಗ ಸಂದುಗಳಿಗೆಲ್ಲ ಗಾರೆ ಬಡಿಯುವುದು. ಇವುಗಳಲ್ಲಿ ಒಂದೊಂದಕ್ಕೂ ತಕ್ಕ ಕಾರಣವಿರಬಹುದು; ಎಲ್ಲ ಕೂಡಿದಾಗ ಗೂಬೆಗೆ ಎಡೆಯಿಲ್ಲ.

ಎರಡನೆಯದು ವಿಷ. ಇಲಿಗೆ ಇಡುವ ವಿಷಗಳಲ್ಲಿ ಎರಡು ಬಗೆ. ಜಿಂಕ್ ಫಾಸ್ಫೈಡ್ ಇಲಿಯ ಜಠರದಲ್ಲಿ ವಿಷವಾಯುವನ್ನು ಹುಟ್ಟಿಸಿ ಬೇಗ ಕೊಲ್ಲುತ್ತದೆ. ಆದರೆ ಅರೆಬರೆ ತಿಂದು ಬದುಕಿದ ಇಲಿ ಆ ತಿನಿಸನ್ನು ಮತ್ತೆ ಮುಟ್ಟುವುದಿಲ್ಲ. ಬ್ರೋಮಾಡಯಲೋನ್ ಮೊದಲಾದವು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ತರುವಾಯ ಕೊಲ್ಲುತ್ತವೆ. ಇಲಿಗೆ ಸಂಶಯ ಬಾರದೆಂಬುದೇ ಈ ಎರಡನೆಯ ಬಗೆಯ ಗುಣ. ಗೂಬೆಗೆ ಮಾರಕವಾಗುವುದೂ ಅದೇ. ಆ ನಡುವಿನ ದಿನಗಳಲ್ಲಿ ಇಲಿಯ ಯಕೃತ್ತಿನಲ್ಲಿ ವಿಷ ಸಂಚಯವಾಗಿರುತ್ತದೆ; ಇಲಿ ಮಂಕಾಗಿ ಬಯಲಿನಲ್ಲಿ ತೆವಳುತ್ತ ಸುಲಭವಾಗಿ ಗೂಬೆಯ ಕಾಲುಗುರಿಗೆ ಸಿಗುತ್ತದೆ. ಹೀಗೆ ತಿಂದ ವಿಷ ಗೂಬೆಯ ದೇಹದಲ್ಲಿಯೂ ಶೇಖರವಾಗುತ್ತದೆ. ಇಲಿಯ ಸಂತತಿ ಕೆಲವು ತಿಂಗಳುಗಳಲ್ಲಿ ಮೊದಲಿನಂತಾದರೆ, ವರ್ಷಕ್ಕೆ ನಾಲ್ಕಾರು ಮರಿ ಮಾಡುವ ಗೂಬೆಯ ಸಂತತಿ ಅಷ್ಟು ಬೇಗ ಚೇತರಿಸಲಾರದು. ರೈತನು ಹಣ ಕೊಟ್ಟು ತಂದ ವಿಷ ಅವನ ಕೂಲಿಯಿಲ್ಲದ ಕಾವಲುಗಾರನನ್ನು ಕೊಂದು, ಕಳ್ಳನ ಮಕ್ಕಳನ್ನು ಉಳಿಸಿದಂತಾಗುತ್ತದೆ.

ಮೂರನೆಯದು ಮೂಢನಂಬಿಕೆ. ಗೂಬೆ ಹೊಕ್ಕ ಮನೆಯನ್ನು ತೊರೆಯುವ, ಗೂಬೆಯನ್ನು ಕಲ್ಲೆಸೆದು ಅಟ್ಟುವ ರೂಢಿ ಇನ್ನೂ ಅಳಿದಿಲ್ಲ. ಮಾಟಮಂತ್ರಗಳಿಗಾಗಿ, ವಿಶೇಷವಾಗಿ ದೀಪಾವಳಿಯ ಅಮಾವಾಸ್ಯೆಯ ಸಮಯಕ್ಕೆ, ಗೂಬೆಗಳನ್ನು ಹಿಡಿದು ಮಾರುವ ಗುಪ್ತ ವ್ಯಾಪಾರವೂ ದೇಶದಲ್ಲಿದೆ. ಭಾರತದ ಸುಮಾರು ಮೂವತ್ತು ಜಾತಿಯ ಗೂಬೆಗಳಲ್ಲಿ ಅರ್ಧದಷ್ಟು ಈ ವ್ಯಾಪಾರಕ್ಕೆ ಒಳಗಾಗಿವೆಯೆಂದು ಟ್ರಾಫಿಕ್ ಸಂಸ್ಥೆ ೨೦೧೦ರಲ್ಲಿ ವರದಿಮಾಡಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಬೇಟೆಯಾಡುವುದೂ ಹಿಡಿಯುವುದೂ ಮಾರುವುದೂ ಅಪರಾಧ. ನಮ್ಮ ಜನಪದವೇ ಹಾಲಕ್ಕಿಯ ಬಾಯಲ್ಲಿ ಶುಭವನ್ನು ನುಡಿಸಿ, ಅದರ ಬಂಧುವಿನ ಬಾಯಲ್ಲಿ ಅಶುಭವನ್ನು ಕೇಳುತ್ತದೆಂಬುದನ್ನು ಗಮನಿಸಿದರೆ, ಶಕುನವಿರುವುದು ಹಕ್ಕಿಯಲ್ಲಲ್ಲ, ಕೇಳುವವನ ಕಿವಿಯಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

೫. ಗೂಬೆಯಿಂದ ಆಗುವುದು, ಆಗದಿರುವುದು

ಗೂಬೆಯ ಉಪಕಾರವನ್ನು ಹೇಳುವಾಗ ಅತಿಶಯೋಕ್ತಿಗೆ ಎಡೆಗೊಡಬಾರದು. ಒಂದು ಕಣಜಗೂಬೆ ಇರುಳಿಗೆ ಒಂದೆರಡು ಇಲಿಗಳನ್ನು ತಿನ್ನುತ್ತದೆ. ಮರಿಗಳಿರುವಾಗ ಗೂಡಿಗೆ ಸಾಗಿಸುವುದು ಅದಕ್ಕಿಂತ ಬಹಳ ಹೆಚ್ಚು. ಆದರೆ ೧೮೨೬ರಂಥ ವರ್ಷದಲ್ಲಿ ಇಲಿ ತಿಂಗಳುಗಳ ಲೆಕ್ಕದಲ್ಲಿ ಬೆಳೆಯುವಾಗ, ವರ್ಷಗಳ ಲೆಕ್ಕದಲ್ಲಿ ಬೆಳೆಯುವ ಗೂಬೆ ಅದನ್ನು ತಡೆಯಲಾರದು. ಅದರ ಪ್ರಯೋಜನವಿರುವುದು ಸಾಧಾರಣ ವರ್ಷಗಳಲ್ಲಿ. ಬೇಸಿಗೆಯ ಕೊನೆಯಲ್ಲಿ, ಬಿತ್ತನೆಗೆ ಮೊದಲು, ಇಲಿಯ ಸಂಖ್ಯೆ ಅತಿ ಕಡಮೆಯಿರುವಾಗ ಗೂಬೆ ತಿಂದ ಒಂದೊಂದು ಹೆಣ್ಣಿಲಿಯೂ ಮುಂದಿನ ಹಿಂಗಾರಿನ ಹೊತ್ತಿಗೆ ಒಂದು ಹಿಂಡೇ ಆಗಬಹುದಾಗಿದ್ದಿತು. ಬಡ್ಡಿ ಬೆಳೆಯುವ ಮೊದಲೇ ಅಸಲನ್ನು ತೀರಿಸಿದಂತೆ ಈ ಕೆಲಸ.

ಇಸ್ರೇಲಿನ ಸ್ದೇ ಎಲಿಯಾಹು ಎಂಬ ಸಹಕಾರಿ ಗ್ರಾಮದಲ್ಲಿ ೧೯೮೩ರಿಂದ ಹೊಲಗಳಲ್ಲಿ ಕಣಜಗೂಬೆಗೆ ಪೆಟ್ಟಿಗೆಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ೨೦೦೨ರಿಂದ ನೆರೆಯ ಜೋರ್ಡಾನಿನ ರೈತರೂ ಅದರಲ್ಲಿ ಕೂಡಿಕೊಂಡರು. ಇದಕ್ಕೆ ವ್ಯತಿರಿಕ್ತವಾದ ದೃಷ್ಟಾಂತವೂ ಉಂಟು. ಸೆಶೆಲ್ಸ್ ದ್ವೀಪಗಳಲ್ಲಿ ಇಲಿಗಳನ್ನು ಹತೋಟಿಗೆ ತರಲೆಂದು ಸುಮಾರು ೧೯೪೯ರಲ್ಲಿ ಹೊರಗಿನಿಂದ ಕಣಜಗೂಬೆಗಳನ್ನು ತಂದು ಬಿಟ್ಟರು. ಅವು ಇಲಿಗಿಂತ ಸುಲಭವಾಗಿ ಸಿಕ್ಕ ಅಲ್ಲಿಯ ಬಿಳಿಯ ಕಡಲಹಕ್ಕಿಗಳನ್ನು ಹಿಡಿಯತೊಡಗಿದವು. ಕೊನೆಗೆ ಗೂಬೆಗಳ ತಲೆಗೇ ಬಹುಮಾನ ಸಾರಬೇಕಾಯಿತು. ಗೂಬೆಯನ್ನು ತಂದುಬಿಡುವುದು ಬೇರೆ, ಇರುವ ಗೂಬೆಗೆ ಇರಲು ಎಡೆಗೊಡುವುದು ಬೇರೆ. ನಮಗೆ ಬೇಕಾದುದು ಎರಡನೆಯದು ಮಾತ್ರ.

೬. ಹೊಲದಲ್ಲಿ ಮಾಡಬಹುದಾದುದು

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆಗಳು ಬಹುಮಟ್ಟಿಗೆ ಖರ್ಚಿಲ್ಲದವು. ಬದುವಿನ ಮೇಲೆ ಪೊಟರೆಯುಳ್ಳ ಮರವೊಂದಿದ್ದರೆ ಅದನ್ನು ಕಡಿಯದಿರುವುದು. ಒಣಗಿದ್ದರೂ ನೆರಳಿಗಾಗಿ ಅಲ್ಲ, ಗೂಬೆಗಾಗಿ ಬಿಡುವುದು. ಹಳ್ಳದ ದಂಡೆಯಲ್ಲಿ ಕೊಂಬಿನ ಗೂಬೆ ಕಾವು ಕೂಡುವ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಅಲ್ಲಿ ಅಗೆಯದೆ, ಬೆಂಕಿ ಹಚ್ಚದೆ ಇರುವುದು. ಗುಡಿ, ಚಾವಡಿಗಳನ್ನು ದುರಸ್ತಿಮಾಡುವಾಗ ಗೂಬೆಯಿರುವ ಒಂದು ಸಂದನ್ನಾದರೂ ಉಳಿಸುವುದು. ಎಲ್ಲಿಯೂ ಪೊಟರೆಯಿಲ್ಲದ ಕಡೆ ಕಣಜಗೂಬೆಗಾಗಿ ಮರದ ಪೆಟ್ಟಿಗೆಯೊಂದನ್ನು ಎತ್ತರದ ಕಂಬಕ್ಕೆ, ಪಶ್ಚಿಮದ ಬಿಸಿಲು ಒಳನುಗ್ಗದಂತೆ ಕಟ್ಟುವುದು. ಕಡಲೆಯ ಕಾಯಿಕೊರಕ ಹುಳುವನ್ನು ಹಕ್ಕಿಗಳು ಆರಿಸಿ ತಿನ್ನಲೆಂದು ಹೊಲದಲ್ಲಿ ಕವಲುಗೋಲುಗಳನ್ನು ನೆಡುವ ಪದ್ಧತಿ ಈಗಾಗಲೇ ಇದೆ. ಹಗಲು ಕಾಜಾಣ ಕೂಡುವ ಆ ಕೋಲಿನ ಮೇಲೆ ಇರುಳು ಹಾಲಕ್ಕಿಯೂ ಕೂಡಬಲ್ಲದು.

ಇಲಿಯ ಹತೋಟಿಗೆ ಗೂಬೆಯೊಂದನ್ನೇ ನೆಚ್ಚಬೇಕಾಗಿಲ್ಲ. ಬದುವಿನ ಬಿಲಗಳನ್ನು ಬಿತ್ತನೆಗೆ ಮೊದಲು ಊರಿನವರೆಲ್ಲ ಒಂದೇ ವಾರದಲ್ಲಿ ಕೂಡಿ ಅಗೆದು ಹೊಗೆ ಹಾಕುವುದು, ಬೋನುಗಳನ್ನಿಡುವುದು, ಬಣವೆಯನ್ನು ಕಣದ ನೆಲಕ್ಕೆ ತಾಗದಂತೆ ಕಲ್ಲಿನ ಕಾಲುಗಳ ಮೇಲೆ ಒಟ್ಟುವುದು ಇವೆಲ್ಲ ಪರಿಣಾಮಕಾರಿ. ಒಬ್ಬನ ಹೊಲದಲ್ಲಿ ಮಾತ್ರ ಮಾಡಿದರೆ ನೆರೆಯವನ ಇಲಿ ಮರುದಿನವೇ ಬರುತ್ತದೆ. ೧೯೦೫ರಲ್ಲಿ ಸಹಕಾರ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿದ ಕಣಗಿನಹಾಳದ ಸೀಮೆಗೆ ಕೂಡಿ ಮಾಡುವ ಕೆಲಸವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ವಿಷ ಅನಿವಾರ್ಯವಾದಾಗ ಅದನ್ನು ಬಯಲಿಗೆ ಎರಚದೆ ಬಿಲದೊಳಗೆ ಇಟ್ಟು ಬಾಯಿ ಮುಚ್ಚಬೇಕು. ಸತ್ತ ಇಲಿಗಳನ್ನು ಪ್ರತಿದಿನ ಬೆಳಗ್ಗೆ ಆಯ್ದು ಆಳವಾಗಿ ಹೂಳಬೇಕು. ಗೂಬೆ ಮರಿಮಾಡಿರುವ ಹೊಲದಲ್ಲಿ ನಿಧಾನವಾಗಿ ಕೊಲ್ಲುವ ವಿಷವನ್ನು ಬಳಸಲೇಬಾರದು.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ೨೦೨೪ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣವೆಂದು ಮಾನ್ಯವಾಯಿತು. ಆ ಹೆಬ್ಬಾತುಗಳು ಸುತ್ತಣ ಹೊಲಗಳ ಬೆಳೆಯನ್ನು ಮೇಯುತ್ತವೆ; ಆದರೂ ಊರಿನವರು ಅವನ್ನು ದೂರದಿಂದ ಬಂದ ಅತಿಥಿಗಳೆಂದು ಸೈರಿಸುತ್ತಾರೆ. ಬೆಳೆಯನ್ನು ತಿನ್ನುವ ಪರದೇಶದ ಹಕ್ಕಿಯನ್ನು ಸೈರಿಸಬಲ್ಲ ಈ ಜನ, ಬೆಳೆಯನ್ನು ಕಾಯುವ ಮನೆಯ ಹಕ್ಕಿಯನ್ನು ಸೈರಿಸಲಾರರೇ? ಸೀಗಿ ಹುಣ್ಣಿಮೆಯಂದು, ಎಳ್ಳಮಾವಾಸ್ಯೆಯಂದು ಈ ಭಾಗದ ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತಾವು ಉಣ್ಣುವ ಮೊದಲು ಬೆಳೆಯ ಮೇಲೆ ಚರಗ ಚೆಲ್ಲುತ್ತಾರೆ. ಹೊಲದ ಅನ್ನದಲ್ಲಿ ಕಣ್ಣಿಗೆ ಕಾಣುವ ಮತ್ತು ಕಾಣದ ಎಷ್ಟೋ ಜೀವಿಗಳಿಗೆ ಪಾಲುಂಟೆಂಬ ತಿಳುವಳಿಕೆ ಆ ಆಚರಣೆಯಲ್ಲಿದೆ. ಗೂಬೆ ಆ ಪಾಲನ್ನೂ ಬೇಡುವುದಿಲ್ಲ. ಅದಕ್ಕೆ ಬೇಕಾದುದು ಬದುವಿನ ಮೇಲೆ ಒಂದು ಮುದಿಮರ, ಮತ್ತು ವಿಷವಿಲ್ಲದ ಇಲಿ.